ಪ್ಲ್ಯಾಂಕ್ ಮೂರು ನಿಮಿಷ ನಿಲ್ಲುತ್ತದೆ, ಸೊಂಟ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನನಗೆ 36 ವರ್ಷ. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ. ದಿನಾ ಬೆಳಿಗ್ಗೆ ಎದ್ದ ಕೂಡಲೇ 12 ಸೂರ್ಯನಮಸ್ಕಾರ, ಆಮೇಲೆ ಪ್ಲ್ಯಾಂಕ್ (ಬೋರಲಾಗಿ ಮೊಣಕೈ, ಕಾಲ್ಬೆರಳ ಮೇಲೆ ದೇಹ ನೇರ ಹಿಡಿಯುವುದು). ಮೊಬೈಲ್ ಆಪ್ ಹೇಳಿದ ಹಾಗೆ ಏರಿಸುತ್ತಾ ಹೋಗಿ ಈಗ ಮೂರು ನಿಮಿಷ ಹಿಡಿಯುತ್ತೇನೆ. ಶನಿವಾರ, ಭಾನುವಾರ ಶಟಲ್ ಆಡುತ್ತೇನೆ, ಬಲಗೈ ಆಟ. ಹೊಟ್ಟೆ ಗಟ್ಟಿಯಾಗಿದೆ, ತೂಕವೂ ಹಿಡಿತದಲ್ಲಿದೆ. ಆದರೂ ಮಧ್ಯಾಹ್ನ ಮೂರು ಗಂಟೆ ಆಗುತ್ತಿದ್ದಂತೆ ಕುರ್ಚಿಯಲ್ಲಿ ಸೊಂಟ ಸೋತು ಹೋಗುತ್ತದೆ. ಹೋದ ತಿಂಗಳು ಗ್ಯಾಸ್ ಸಿಲಿಂಡರ್ ಎತ್ತುವಾಗ ಸೊಂಟದ ಎಡಗಡೆ ಹಿಡಿದುಕೊಂಡು ನಾಲ್ಕು ದಿನ ಬಗ್ಗಲು ಆಗಲಿಲ್ಲ. ಪ್ಲ್ಯಾಂಕನ್ನು ಐದು ನಿಮಿಷಕ್ಕೆ ಏರಿಸಲೇ? ಜಿಮ್ ಸೇರಲೇ? ಪಿಲಾಟೆಸ್ ಒಳ್ಳೆಯದು ಅಂತಾರೆ, ನಿಜವಾ? ಯಾವ ವ್ಯಾಯಾಮದಿಂದ ಕೋರ್‌ಗೆ ಸ್ಟ್ಯಾಮಿನಾ ಬರುತ್ತದೆ, ಯಾವುದರಿಂದ ಎಲ್ಲ ಕಡೆ ಸಮ ಆಗುತ್ತದೆ?

ಉತ್ತರ: ಐದು ನಿಮಿಷ ಬೇಡ. ಮೂರು ನಿಮಿಷವೂ ನಿಮಗೆ ಬೇಕಿರಲಿಲ್ಲ.

ನೀವು ಬರೆದಿದ್ದರಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ನೀವು ಮಾಡುತ್ತಿರುವ ಮೂರೂ ವ್ಯಾಯಾಮ ಒಳ್ಳೆಯವೇ. ಆದರೆ ಮೂರೂ ಸೇರಿ ಸೊಂಟದ ಎರಡು ಪಕ್ಕಗಳನ್ನು, ಅದರಲ್ಲೂ ಎಡ ಪಕ್ಕವನ್ನು, ಹೆಚ್ಚುಕಮ್ಮಿ ಮರೆತೇ ಬಿಟ್ಟಿವೆ. ಬೆನ್ನಿಗೂ ಸಿಕ್ಕಿದ್ದು ಕಡಿಮೆ. ಹಾಗಾಗಿ 'ಯಾವ ವ್ಯಾಯಾಮ ಒಳ್ಳೆಯದು' ಅನ್ನುವುದಕ್ಕಿಂತ ಮೊದಲು 'ನನಗೆ ಯಾವ ಕಡೆ ಕೊರತೆ ಇದೆ' ಅಂತ ಕೇಳಿಕೊಳ್ಳಬೇಕು. ಅದನ್ನು ಮನೆಯಲ್ಲೇ, ಒಂದು ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆಯಬಹುದು. ಹೇಗೆ ಅಂತ ಹೇಳುತ್ತೇನೆ.

ಕೋರ್ ಅಂದರೆ ಸಿಕ್ಸ್ ಪ್ಯಾಕ್ ಅಂತ ಬಹಳ ಜನ ತಿಳಿದಿದ್ದಾರೆ. ಅದು ಮುಂದಿನ ಒಂದು ಪದರ ಮಾತ್ರ. ಪಕ್ಕೆಲುಬಿನ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಸುತ್ತಲೂ ಇರುವ ಸ್ನಾಯುಗಳೆಲ್ಲ ಕೋರ್‌ಗೆ ಸೇರುತ್ತವೆ. ಮುಂದೆ ಹೊಟ್ಟೆಯ ಸ್ನಾಯು, ಪಕ್ಕದಲ್ಲಿ ಓರೆಯಾಗಿ ಹೋಗುವ ಆಬ್ಲಿಕ್‌ಗಳು, ಒಳಗಡೆ ಬೆಲ್ಟ್ ತರಹ ಸುತ್ತುವ ಟ್ರಾನ್ಸ್‌ವರ್ಸಸ್. ಹಿಂದೆ ಬೆನ್ನುಮೂಳೆಯ ಅಕ್ಕಪಕ್ಕ ಉದ್ದನೆಯ ಸ್ನಾಯುಗಳು, ಅವುಗಳ ಅಡಿಯಲ್ಲಿ ಮೂಳೆಗೆ ಅಂಟಿಕೊಂಡ ಪುಟ್ಟ ಮಲ್ಟಿಫಿಡಸ್. ಸೊಂಟದ ಎರಡೂ ಬದಿಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಕ್ವಾಡ್ರೇಟಸ್ ಲಂಬೋರಮ್. ಇದರ ಹೆಸರು ಯಾರೂ ಹೇಳುವುದಿಲ್ಲ. ಆದರೆ ಸಿಲಿಂಡರ್ ಎತ್ತಿದಾಗ 'ಹಿಡಿದುಕೊಂಡಿತು' ಅಂತ ಜನ ಕೈಯಿಟ್ಟು ತೋರಿಸುವ ಜಾಗ ಬಹಳ ಸಲ ಅಲ್ಲೇ ಇರುತ್ತದೆ.

ಮದುವೆ ಪೆಂಡಾಲಿನ ಕಂಬಕ್ಕೆ ನಾಲ್ಕು ಕಡೆಯಿಂದ ಹಗ್ಗ ಕಟ್ಟುತ್ತಾರಲ್ಲ, ಬೆನ್ನುಮೂಳೆಗೆ ಈ ಸ್ನಾಯುಗಳ ಕೆಲಸವೂ ಅದೇ. ಮುಂದಿನ ಹಗ್ಗವನ್ನೊಂದೇ ದಪ್ಪ ಮಾಡುತ್ತಾ ಹೋದರೆ ಕಂಬ ಗಟ್ಟಿ ಆಗುವುದಿಲ್ಲ.

ಇನ್ನೊಂದು ಮಾತು. ದಿನದ ಕೆಲಸಕ್ಕೆ ಈ ಸ್ನಾಯುಗಳು ಪೂರ್ತಿ ಬಲ ಹಾಕಬೇಕಾಗಿಲ್ಲ. ನಿಂತು, ಕೂತು, ನಡೆದಾಡುವಾಗ ಬೆನ್ನು ಅಲುಗಾಡದಂತೆ ಹಿಡಿಯಲು ಅವುಗಳ ಒಟ್ಟು ಶಕ್ತಿಯಲ್ಲಿ ಒಂದು ಸಣ್ಣ ಪಾಲು ಸಾಕು. ಆದರೆ ಆ ಸಣ್ಣ ಪಾಲನ್ನು ಬೆಳಗಿನಿಂದ ಸಂಜೆಯವರೆಗೆ ಬಿಡದೆ ಕೊಡಬೇಕು. ಅದಕ್ಕೇ ಬೆನ್ನಿನ ವಿಷಯದಲ್ಲಿ ಬಲಕ್ಕಿಂತ ತಾಳಿಕೆ, ಅಂದರೆ ನೀವು ಕೇಳಿದ ಸ್ಟ್ಯಾಮಿನಾ, ಮುಖ್ಯ. ಡೆನ್ಮಾರ್ಕಿನ ಸಂಶೋಧಕ ಬೀರಿಂಗ್-ಸೋರೆನ್ಸನ್ ಇದನ್ನು 1984ರಲ್ಲೇ ಪ್ರಕಟಿಸಿದರು. 30ರಿಂದ 60 ವರ್ಷದ ಸುಮಾರು 900 ಜನರನ್ನು ಪರೀಕ್ಷಿಸಿ, ಒಂದು ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಬೆನ್ನಿನ ಸ್ನಾಯುಗಳನ್ನು ಹೆಚ್ಚು ಹೊತ್ತು ಹಿಡಿದಿಡಬಲ್ಲ ಗಂಡಸರಿಗೆ ಮೊದಲ ಸಲದ ಸೊಂಟ ನೋವು ಬರುವ ಸಂಭವ ಕಡಿಮೆ ಅಂತ ಕಂಡುಬಂತು. ಮಧ್ಯಾಹ್ನ ಮೂರಕ್ಕೆ ನಿಮ್ಮ ಸೊಂಟ 'ಸೋಲುವುದು' ಇದೇ ತಾಳಿಕೆಯ ಲೆಕ್ಕ.

ಈಗ ಅಳತೆಗೆ ಬರೋಣ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಜೊತೆಗಾರರು 1999ರಲ್ಲಿ ಆರೋಗ್ಯವಾಗಿರುವ ಯುವಕ ಯುವತಿಯರನ್ನು ಅಳೆದು ಒಂದು ಲೆಕ್ಕ ಕೊಟ್ಟರು. ನಾಲ್ಕು ಪರೀಕ್ಷೆ: ಬೆನ್ನು, ಹೊಟ್ಟೆ, ಬಲ ಪಕ್ಕ, ಎಡ ಪಕ್ಕ.

ಬೆನ್ನಿಗೆ: ಮಂಚದ ಮೇಲೆ ಬೋರಲು ಮಲಗಿ. ಸೊಂಟದ ಮೂಳೆ ಮಂಚದ ಅಂಚಿಗೆ ಬರಲಿ, ಮೇಲಿನ ಅರ್ಧ ದೇಹ ಹೊರಗೆ. ಯಾರಾದರೂ ಕಾಲಿನ ಮೇಲೆ ಭಾರ ಹಾಕಿ ಕೂರಲಿ. ಕೈ ನೆಲದ ಮೇಲೋ ಸ್ಟೂಲಿನ ಮೇಲೋ ಇರಲಿ. ಕೈ ಎತ್ತಿ ಎದೆಗೆ ಕಟ್ಟಿ ದೇಹ ನೇರ ಆದ ಕ್ಷಣದಿಂದ ಎಣಿಸಿ. ತಲೆ, ಎದೆ ಕೆಳಗೆ ಜಾರಿದ ಕೂಡಲೇ ನಿಲ್ಲಿಸಿ. ಹೊಟ್ಟೆಗೆ: ಮಂಡಿ ಮಡಚಿ ಕೂತು, ಬೆನ್ನನ್ನು ನೆಲದಿಂದ ಸುಮಾರು 60 ಡಿಗ್ರಿ ಕೋನಕ್ಕೆ ಒರಗಿಸಿ, ಹಿಂದಿನ ಆಸರೆ ತೆಗೆದು ಅದೇ ಕೋನದಲ್ಲಿ ಹಿಡಿಯಿರಿ. ಪಾದದ ಮೇಲೆ ಯಾರಾದರೂ ಕೈಯಿಡಲಿ.

ಪಕ್ಕದ್ದನ್ನು (ಇದಕ್ಕೆ ಸೈಡ್ ಪ್ಲ್ಯಾಂಕ್ ಅಂತಾರೆ) ಸ್ವಲ್ಪ ಗಮನವಿಟ್ಟು ಮಾಡಬೇಕು, ಜನ ಮೋಸ ಹೋಗುವುದು ಇಲ್ಲೇ. ಪಕ್ಕಕ್ಕೆ ಮಲಗಿ, ಮೊಣಕೈ ಸರಿಯಾಗಿ ಭುಜದ ಕೆಳಗೆ ಇಡಿ. ಕಾಲು ನೇರ. ಮೇಲಿನ ಪಾದ ಮುಂದೆ, ಕೆಳಗಿನ ಪಾದ ಅದರ ಹಿಂದೆ, ಹಿಮ್ಮಡಿಗೆ ಬೆರಳು ತಾಗುವಂತೆ. ಸೊಂಟ ಎತ್ತಿ, ಕಿವಿ, ಭುಜ, ಸೊಂಟ, ಕಾಲ್ಗಂಟು ಒಂದೇ ಗೆರೆಯಲ್ಲಿ ಇರಲಿ. ಸೋತಾಗ ಸೊಂಟ ಕೆಳಗೆ ಬೀಳುವ ಮೊದಲು ಹಿಂದಕ್ಕೆ ಹೋಗುತ್ತದೆ. ಎದೆ ನೆಲದ ಕಡೆ ತಿರುಗುತ್ತದೆ. ಹಾಗೆ ತಿರುಗಿದರೆ ಭಾರ ಪಕ್ಕದಿಂದ ಹೊಟ್ಟೆಗೆ ಜಾರಿತು ಅಂತ ಅರ್ಥ, ಅಲ್ಲಿಗೆ ಎಣಿಕೆ ಮುಗಿಯಿತು. ಮುಂದೆ ಎಷ್ಟು ಹೊತ್ತು ನಡುಗುತ್ತಾ ನಿಂತರೂ ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ನಿಂತು ನೋಡಿದರೆ ಒಳ್ಳೆಯದು. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷವಾದರೂ ಬಿಡುವು ಕೊಡಿ. ಉಸಿರು ಕಟ್ಟಬೇಡಿ. ಬಿಪಿ ಇರುವವರು, ಈಗ ಸೊಂಟ ಹಿಡಿದಿರುವವರು ಇದನ್ನು ಮಾಡುವುದು ಬೇಡ.

ಮೆಕ್‌ಗಿಲ್ ತಂಡದ ಲೆಕ್ಕದಲ್ಲಿ ಯುವಕರು ಬೆನ್ನನ್ನು ಸರಾಸರಿ ಎರಡೂವರೆ ನಿಮಿಷದ ಆಸುಪಾಸು, ಪಕ್ಕವನ್ನು ಒಂದೂವರೆ ನಿಮಿಷದ ಆಸುಪಾಸು ಹಿಡಿದರು. ಯುವತಿಯರು ಬೆನ್ನಿನಲ್ಲಿ ಗಂಡಸರನ್ನು ಮೀರಿಸಿ ಮೂರು ನಿಮಿಷದವರೆಗೆ ಹೋದರು, ಪಕ್ಕದಲ್ಲಿ ಒಂದೂಕಾಲು ನಿಮಿಷ. 36ರ ನಿಮಗೆ ಈ ಸಂಖ್ಯೆ ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಒಂದಕ್ಕೊಂದು ಇರುವ ಅನುಪಾತ. ಹೊಟ್ಟೆಯ ಸಮಯ ಬೆನ್ನಿನ ಸಮಯಕ್ಕಿಂತ ಜಾಸ್ತಿ ಇರಬಾರದು. ಯಾವುದೇ ಪಕ್ಕದ ಸಮಯ ಬೆನ್ನಿನ ಸಮಯದ ಮುಕ್ಕಾಲು ಪಾಲನ್ನು ಮೀರಬಾರದು. ಎಡ ಬಲ ನಡುವೆ ವ್ಯತ್ಯಾಸ ನೂರಕ್ಕೆ 5ರ ಒಳಗಿರಬೇಕು. ಈ ಕೊನೆಯದು ಮನೆಯ ಸ್ಟಾಪ್‌ವಾಚಿಗೆ ತೀರಾ ಬಿಗಿ. ನಾನು ನೂರಕ್ಕೆ 10ರವರೆಗೆ ಬಿಡುತ್ತೇನೆ, ಅದನ್ನು ದಾಟಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಮುಂದೆ ಮೆಕ್‌ಗಿಲ್ ಅವರೇ ಕೆಲಸಗಾರರನ್ನು ಅಳೆದಾಗ, ಹಿಂದೆ ಸೊಂಟ ನೋವು ಬಂದು ಹೋಗಿದ್ದವರಲ್ಲಿ ಈ ಅನುಪಾತ ಕೆಟ್ಟಿತ್ತು. ಅವರಲ್ಲಿ ಬೆನ್ನು ಹೊಟ್ಟೆಗಿಂತ ಬೇಗ ಸೋಲುತ್ತಿತ್ತು.

ಒಂದು ಉದಾಹರಣೆ ನೋಡಿ. ಹೊಟ್ಟೆ 160 ಸೆಕೆಂಡ್, ಬೆನ್ನು 80, ಬಲ ಪಕ್ಕ 60, ಎಡ ಪಕ್ಕ 42 ಬಂತು ಅಂತ ಇಟ್ಟುಕೊಳ್ಳೋಣ. ಹೊಟ್ಟೆ ಬೆನ್ನಿನ ಎರಡರಷ್ಟು. ಎಡ ಪಕ್ಕ ಬಲದ ನೂರಕ್ಕೆ 70 ಮಾತ್ರ. ಇಂಥವರು ಪ್ಲ್ಯಾಂಕ್ ಏರಿಸಿದರೆ ಇರುವ ಅಂತರ ಇನ್ನೂ ದೊಡ್ಡದಾಗುತ್ತದೆ. ನಿಮ್ಮ ಅಂಕಿಗಳೂ ಈ ದಿಕ್ಕಿನಲ್ಲೇ ಬರುತ್ತವೆ ಅಂತ ನನ್ನ ಊಹೆ. ಯಾಕೆ ಅಂತ ನಿಮ್ಮ ವ್ಯಾಯಾಮಗಳನ್ನೇ ಒಂದೊಂದಾಗಿ ನೋಡಿದರೆ ಗೊತ್ತಾಗುತ್ತದೆ.

ನೀವು ಹಿಡಿಯುವ ಮಾಮೂಲಿ ಪ್ಲ್ಯಾಂಕ್‌ನಲ್ಲಿ ದುಡಿಯುವುದು ಹೊಟ್ಟೆ ಮತ್ತು ಆಬ್ಲಿಕ್. ಬೆನ್ನಿನ ಸ್ನಾಯುಗಳಿಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ, ಕೆಳಗೆ ಬೀಳದಂತೆ ತಡೆಯುತ್ತಿರುವುದು ಮುಂಭಾಗ. ಒಂದು ಹಂತ ದಾಟಿದ ಮೇಲೆ ಸಮಯ ಏರಿಸುವುದು ಮನಸ್ಸಿನ ಹಟಕ್ಕೆ ಸಂಬಂಧಪಟ್ಟಿದ್ದು. 2023ರಲ್ಲಿ ಚೆಕ್ ದೇಶದ ಜೋಸೆಫ್ ಶಾಲೆಕ್ ಒಂಬತ್ತೂವರೆ ಗಂಟೆಗೂ ಜಾಸ್ತಿ ಪ್ಲ್ಯಾಂಕ್ ಹಿಡಿದು ದಾಖಲೆ ಮಾಡಿದರು. ದೊಡ್ಡ ಸಾಧನೆಯೇ. ನಮಗೆ ಸಿಲಿಂಡರ್ ಎತ್ತಲು ಅದರಿಂದ ಉಪಯೋಗವಿಲ್ಲ.

ಪ್ಲ್ಯಾಂಕ್ ಬಿಟ್ಟು, ಅಂಗಾತ ಮಲಗಿ ಎದ್ದು ಕೂರುವ ಸಿಟ್-ಅಪ್‌ಗೆ ಹೋಗಬೇಡಿ ಮತ್ತೆ. ಒಂದೊಂದು ಸಿಟ್-ಅಪ್‌ಗೂ ಬೆನ್ನುಮೂಳೆಯ ಸೊಂಟದ ಮಣಿಗಳ ಮೇಲೆ 3,300 ನ್ಯೂಟನ್, ಅಂದರೆ ಸುಮಾರು 340 ಕೆ.ಜಿ. ಒತ್ತಡ ಬೀಳುತ್ತದೆ ಅಂತ ಮೆಕ್‌ಗಿಲ್ ಲೆಕ್ಕ. ಅದೂ ಬೆನ್ನು ಬಗ್ಗಿದ ಸ್ಥಿತಿಯಲ್ಲಿ. ಅಮೆರಿಕದ ಸೇನೆ 1980ರಿಂದ ಎರಡು ನಿಮಿಷದ ಸಿಟ್-ಅಪ್ ಪರೀಕ್ಷೆ ಇಟ್ಟಿತ್ತು. 2022ರಲ್ಲಿ ಜಾರಿಗೆ ಬಂದ ಹೊಸ ಪರೀಕ್ಷೆಯಲ್ಲಿ ಸಿಟ್-ಅಪ್ ಹೋಗಿ ಪ್ಲ್ಯಾಂಕ್ ಬಂತು.

ಇನ್ನು ಸೂರ್ಯನಮಸ್ಕಾರ. ಇದನ್ನು ನಾನೂ ಮಾಡುತ್ತೇನೆ, ಬಿಡಿ ಅಂತ ಖಂಡಿತ ಹೇಳಲ್ಲ. ಆದರೆ ಹನ್ನೆರಡು ಹಂತಗಳನ್ನು ಮನಸ್ಸಿನಲ್ಲೇ ಓಡಿಸಿ ನೋಡಿ. ಹಿಂದೆ ಬಾಗುವುದು, ಮುಂದೆ ಬಗ್ಗುವುದು, ಕಾಲು ಹಿಂದೆ, ದಂಡಾಸನ, ಭುಜಂಗಾಸನ, ಪರ್ವತಾಸನ, ಮತ್ತೆ ಮುಂದೆ. ಪಕ್ಕಕ್ಕೆ ಬಾಗುವುದು ಎಲ್ಲಿದೆ? ತಿರುಗುವುದು ಎಲ್ಲಿದೆ? ಇಲ್ಲವೇ ಇಲ್ಲ. ಯೋಗದಲ್ಲಿ ಪಕ್ಕಕ್ಕೆ ಬೇಕಾದ್ದೆಲ್ಲ ಇದೆ, ವಸಿಷ್ಠಾಸನ ಅಂದರೆ ಸೈಡ್ ಪ್ಲ್ಯಾಂಕೇ. ಸೂರ್ಯನಮಸ್ಕಾರ ಒಂದರಲ್ಲಿ ಅದು ಬರುವುದಿಲ್ಲ, ಅಷ್ಟೇ. ಇನ್ನೊಂದು, ಅದರಲ್ಲಿ ಯಾವ ಸ್ಥಿತಿಯೂ ಕೆಲವು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ. ಮೈ ಬಿಡಿಸಲು, ಉಸಿರಿಗೆ, ಭುಜಕ್ಕೆ ಒಳ್ಳೆಯದು. ಬೆನ್ನಿಗೆ ತಾಳಿಕೆ ಕೊಡುವ ವ್ಯಾಯಾಮ ಅಂತ ಅದನ್ನು ನಂಬಿಕೊಳ್ಳಬಾರದು.

ಎದ್ದ ಕೂಡಲೇ ಮಾಡುತ್ತೇನೆ ಅಂದಿರಲ್ಲ, ಅದು ನನಗೆ ಅಷ್ಟು ಹಿಡಿಸಲಿಲ್ಲ. ರಾತ್ರಿ ಮಲಗಿದಾಗ ಬೆನ್ನಿನ ಮಣಿಗಳ ನಡುವಿನ ಮೆತ್ತೆಗಳು, ಅಂದರೆ ಡಿಸ್ಕ್‌ಗಳು ನೀರು ಎಳೆದುಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಾವು ಸ್ವಲ್ಪ ಎತ್ತರವೂ ಇರುತ್ತೇವೆ. ಆ ಉಬ್ಬಿನಲ್ಲಿ ಅರ್ಧಕ್ಕೂ ಜಾಸ್ತಿ ಇಳಿಯುವುದು ಎದ್ದ ಮೊದಲ ಅರ್ಧ ಗಂಟೆಯಲ್ಲಿ. ಅಷ್ಟರೊಳಗೆ ಪೂರ್ತಿ ಬಗ್ಗಿದರೆ ಡಿಸ್ಕ್ ಮೇಲೆ ಒತ್ತಡ ಜಾಸ್ತಿ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆಳಗಿನ ಹೊತ್ತು ಬಗ್ಗುವುದನ್ನು ಕಡಿಮೆ ಮಾಡಿದವರಿಗೆ ಬಹಳ ದಿನದ ಸೊಂಟ ನೋವು ಇಳಿಯಿತು. ವಾಕಿಂಗ್ ಹೋಗಿ ಬನ್ನಿ, ಕಾಫಿ ಕುಡಿಯಿರಿ, ಮುಕ್ಕಾಲು ಗಂಟೆ ಬಿಟ್ಟು ಶುರು ಮಾಡಿ.

ಶಟಲ್‌ಗೆ ಬಂದರೆ, ಆಟಗಳು ಸಾಮಾನ್ಯವಾಗಿ ಒಂದು ಪಕ್ಕದ ಕಡೆಗೇ ವಾಲಿರುತ್ತವೆ. ಬಲಗೈ ಆಟಗಾರ ಸ್ಮ್ಯಾಶ್ ಹೊಡೆಯುವಾಗ ಸೊಂಟ ಪ್ರತಿ ಸಲವೂ ಒಂದೇ ದಿಕ್ಕಿಗೆ ತಿರುಗುತ್ತದೆ. ನೆಟ್ ಹತ್ತಿರ ಚಾಚಿದಾಗ ಮುಂದೆ ಹೋಗುವುದು ಯಾವಾಗಲೂ ಬಲಗಾಲು. ಕ್ರಿಕೆಟ್‌ನ ವೇಗದ ಬೌಲರ್‌ಗಳಲ್ಲಿ ಇದು ಮೂಳೆಯವರೆಗೂ ಹೋಗುತ್ತದೆ. ಬಲಗೈ ಬೌಲರ್‌ಗೆ ಸೊಂಟದ ಮಣಿಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಮತ್ತೆ ಮತ್ತೆ ಬಿದ್ದ ಒತ್ತಡಕ್ಕೆ ಮೂಳೆಯಲ್ಲಿ ಸಣ್ಣ ಬಿರುಕು) ಆದರೆ ಬಹುಪಾಲು ಎಡಗಡೆಯೇ ಆಗುತ್ತದೆ. 2019ರಲ್ಲಿ ಜಸ್‌ಪ್ರೀತ್ ಬುಮ್ರಾ ಆಟದಿಂದ ಹೊರಗೆ ಉಳಿದಿದ್ದು ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ. ವಾರಕ್ಕೆ ಎರಡು ದಿನದ ಶಟಲ್ ಅಷ್ಟೊಂದು ಮಾಡುವುದಿಲ್ಲ, ಹೆದರಬೇಡಿ. ಆದರೆ ವರ್ಷಗಟ್ಟಲೆ ಆಡಿದರೆ ಎಡ ಬಲ ವ್ಯತ್ಯಾಸ ಬಂದೇ ಬರುತ್ತದೆ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಓಟಕ್ಕೆ ಗಟ್ಟಿ ಕೋರ್ ಬೇಕು, ಆದರೆ ಓಡಿದರೆ ಕೋರ್ ಗಟ್ಟಿ ಆಗುತ್ತದೆ ಅಂತಿಲ್ಲ. ಸೈಕಲ್ ಬೆನ್ನು ಬಗ್ಗಿಸಿ ಕೂರಿಸುತ್ತದೆ, ದಿನವಿಡೀ ಕುರ್ಚಿಯಲ್ಲಿ ಇರುವವರಿಗೆ ಅದೊಂದೇ ಸಾಲದು. ಈಜು ಸಮತೋಲನಕ್ಕೆ ಚೆನ್ನಾಗಿದೆ, ಎರಡೂ ಬದಿಗೆ ಉಸಿರು ತೆಗೆದುಕೊಳ್ಳುವ ಅಭ್ಯಾಸ ಇದ್ದರೆ. ಆದರೆ ನೀರು ದೇಹದ ಭಾರ ಹೊರುತ್ತದೆ, ನಿಂತು ಭಾರ ಎತ್ತುವ ಅಭ್ಯಾಸ ಅಲ್ಲಿ ಸಿಗುವುದಿಲ್ಲ.

ಜಿಮ್ ಅಂದಾಗ ಎರಡು ಬೇರೆ ಬೇರೆ ಲೋಕಗಳಿವೆ. ಕೂತು, ಬೆನ್ನು ಒರಗಿಸಿ ತಳ್ಳುವ ಮಷಿನ್‌ಗಳಲ್ಲಿ ಕೋರ್‌ಗೆ ರಜೆ, ಸೀಟೇ ಅದರ ಕೆಲಸ ಮಾಡುತ್ತದೆ. ಭಾರ ಹೊತ್ತು ಕೂತೇಳುವ ಸ್ಕ್ವಾಟ್, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಬೆನ್ನಿನ ಸ್ನಾಯುಗಳನ್ನು ಚೆನ್ನಾಗಿ ದುಡಿಸುತ್ತವೆ. ಆದರೆ ಅಲ್ಲಿ ಸಿಗುವುದು ಬಲ, ಕೆಲವೇ ಸೆಕೆಂಡಿನ ದೊಡ್ಡ ಬಲ. ಪಕ್ಕಕ್ಕೆ ಸಿಗುವುದು ಕಡಿಮೆ, ಏಕೆಂದರೆ ಭಾರ ಎರಡೂ ಕಡೆ ಸಮ ಇರುತ್ತದೆ. ಒಂದೇ ಕೈಯಲ್ಲಿ ಭಾರ ಹಿಡಿದು ನಡೆಯುವುದೇ ಪಕ್ಕಕ್ಕೆ ರಾಜ ವ್ಯಾಯಾಮ. ಜಿಮ್‌ನಲ್ಲಿ ಇದಕ್ಕೆ ಸೂಟ್‌ಕೇಸ್ ಕ್ಯಾರಿ ಅಂತಾರೆ. ನಮ್ಮ ಅಜ್ಜಿಯರು ಬಾವಿಯಿಂದ ಒಂದು ಕೈಯಲ್ಲಿ ಕೊಡ ತರುವಾಗ ದಿನಾ ಇದನ್ನೇ ಮಾಡಿದ್ದು, ಮಧ್ಯೆ ಕೈ ಬದಲಾಯಿಸುತ್ತಾ. ಬಲಗೈಯಲ್ಲಿ ಭಾರ ಇದ್ದರೆ ದೇಹ ಬಲಕ್ಕೆ ವಾಲದಂತೆ ತಡೆಯುವುದು ಎಡ ಪಕ್ಕದ ಆಬ್ಲಿಕ್ ಮತ್ತು ಕ್ವಾಡ್ರೇಟಸ್.

ಗರಡಿ ಮನೆಯ ಸಾಮನ್ನು ಇಲ್ಲಿ ಮರೆಯಬಾರದು. ದಂಡ, ಬಸ್ಕಿ ಎರಡೂ ಮುಂದೆ ಹಿಂದಿನ ವ್ಯಾಯಾಮಗಳೇ. ಆದರೆ ಗದೆ ತಿರುಗಿಸುವಾಗ ಭಾರ ತಲೆಯ ಹಿಂದಿನಿಂದ ಒಂದು ಪಕ್ಕಕ್ಕೆ ಎಳೆಯುತ್ತದೆ, ಸೊಂಟ ಅಲುಗದಂತೆ ಹಿಡಿಯಬೇಕು, ಆಮೇಲೆ ಕೈ ಬದಲಾಯಿಸಿ ಅಷ್ಟೇ ಸಲ ಮಾಡಬೇಕು. ಎಡ ಬಲ ಸಮ ಮಾಡಬೇಕು ಅನ್ನುವುದು ಅಲ್ಲಿ ಕಟ್ಟುಪಾಡೇ ಆಗಿದೆ. ಹತ್ತಿರದಲ್ಲಿ ಒಳ್ಳೆಯ ಉಸ್ತಾದರಿದ್ದರೆ ದುಬಾರಿ ಜಿಮ್‌ಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ಪಿಲಾಟೆಸ್ ನಿಧಾನವಾಗಿ, ಹಿಡಿತದಲ್ಲಿ ಮಾಡುವ ವ್ಯಾಯಾಮ. ಸೊಂಟ ನೋವಿಗೆ ಏನೂ ಮಾಡದೆ ಇರುವುದಕ್ಕಿಂತ ಉತ್ತಮ. ಬೇರೆ ವ್ಯಾಯಾಮಗಳಿಗಿಂತ ಮೇಲು ಅನ್ನಲು ಮಾತ್ರ ಬಲವಾದ ಪುರಾವೆ ಸಿಗಲಿಲ್ಲ ಅಂತ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಹೇಳಿತು. ಇಷ್ಟವಾದರೆ ಸೇರಿ. ಇದೇ ಮದ್ದು ಅಂದುಕೊಂಡು ಸಾಲ ಮಾಡಿ ಸೇರುವುದು ಬೇಡ.

ನಿಮಗೆ ನಾನು ಹೇಳುವುದು ಹೀಗೆ. ಮುಂದಿನ ಆರು ವಾರ ಪ್ಲ್ಯಾಂಕನ್ನು ಪಕ್ಕಕ್ಕಿಡಿ. ಅದರ ಜಾಗದಲ್ಲಿ ದಿನಾ 15 ನಿಮಿಷ ಮೂರು ವ್ಯಾಯಾಮ ಮಾಡಿ. ಮೊದಲನೆಯದು ಸಣ್ಣ ಕರ್ಲ್-ಅಪ್. ಅಂಗಾತ ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲು ನೇರ. ಎರಡೂ ಅಂಗೈ ಸೊಂಟದ ಕೆಳಗಿನ ಟೊಳ್ಳಿನಲ್ಲಿ. ತಲೆ ಮತ್ತು ಭುಜ ನೆಲದಿಂದ ಸ್ವಲ್ಪ ಎದ್ದರೆ ಸಾಕು, ಸೊಂಟ ಅಲುಗಬಾರದು. ಎರಡನೆಯದು ಮೇಲೆ ಹೇಳಿದ ಸೈಡ್ ಪ್ಲ್ಯಾಂಕ್. ಕಷ್ಟವಾದರೆ ಮಂಡಿ ಮಡಚಿ, ಮಂಡಿಯ ಮೇಲೆ ಭಾರ ಹಾಕಿ ಶುರು ಮಾಡಿ. ಮೂರನೆಯದು ಬರ್ಡ್-ಡಾಗ್. ಅಂಬೆಗಾಲಿನ ಸ್ಥಿತಿಯಲ್ಲಿ ಬಲಗೈ ಮುಂದೆ, ಎಡಗಾಲು ಹಿಂದೆ ಚಾಚಿ, ಆಮೇಲೆ ಅದಲು ಬದಲು. ಬೆನ್ನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು, ಅಷ್ಟು ಸ್ಥಿರ.

ಬೆನ್ನಿಗೆ ಅಂತ ಕೆಲವರು ಬೋರಲು ಮಲಗಿ ಎದೆ, ಎರಡೂ ಕೈ, ಎರಡೂ ಕಾಲು ಒಟ್ಟಿಗೆ ಎತ್ತುತ್ತಾರೆ. ಈಗ ತಾನೇ ಸೊಂಟ ಹಿಡಿದು ಬಿಟ್ಟವರಿಗೆ ಅದು ಬೇಡ. ಅದರಲ್ಲಿ ಮಣಿಗಳ ಮೇಲಿನ ಒತ್ತಡ 6,000 ನ್ಯೂಟನ್‌ವರೆಗೆ ಹೋಗುತ್ತದೆ, ಬರ್ಡ್-ಡಾಗ್‌ನ ಸುಮಾರು ಎರಡರಷ್ಟು. ಶಲಭಾಸನ ಇಷ್ಟವಿದ್ದರೆ ಒಂದೊಂದೇ ಕಾಲಿನ ಅರ್ಧ ಶಲಭಾಸನ ಮಾಡಿ.

ಎಷ್ಟು ಹೊತ್ತು ಹಿಡಿಯಬೇಕು? ಪ್ರತಿ ಸಲ 8ರಿಂದ 10 ಸೆಕೆಂಡ್, ಅಷ್ಟೇ. ಸ್ನಾಯು ಬಿಗಿಯಾಗಿದ್ದಾಗ ಅದರೊಳಗೆ ರಕ್ತ ಸರಿಯಾಗಿ ಓಡುವುದಿಲ್ಲ, ಆಮ್ಲಜನಕ ಇಳಿಯುತ್ತದೆ. ಹತ್ತು ಸೆಕೆಂಡಿಗೆ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಹೀಗೆ ಮಾಡಿದರೆ ಭಂಗಿ ಕೆಡದೆ ಒಟ್ಟು ಕೆಲಸ ಜಾಸ್ತಿ ಆಗುತ್ತದೆ. ಮೊದಲ ಸುತ್ತು 5 ಸಲ, ಎರಡನೆಯದು 4, ಮೂರನೆಯದು 3. ಸುಲಭ ಅನಿಸಿದಾಗ ಸಲಗಳನ್ನು ಏರಿಸಿ, ಸೆಕೆಂಡ್‌ಗಳನ್ನು ಬೇಡ. ಅಳತೆಯಲ್ಲಿ ಎಡ ಪಕ್ಕ ಕಡಿಮೆ ಬಂದಿದ್ದರೆ ಸೈಡ್ ಪ್ಲ್ಯಾಂಕ್ ಎಡಗಡೆಯಿಂದಲೇ ಶುರು ಮಾಡಿ, ಕೊನೆಯಲ್ಲಿ ಎಡಕ್ಕೆ ಒಂದು ಸುತ್ತು ಹೆಚ್ಚು ಮಾಡಿ. ಬಲ ಪಕ್ಕದ್ದನ್ನು ನಿಲ್ಲಿಸಬೇಡಿ.

ಎರಡು ವಾರ ಆದ ಮೇಲೆ ನಡಿಗೆ ಸೇರಿಸಿ. 10 ಲೀಟರ್ ಬಕೆಟ್‌ಗೆ ನೀರು ತುಂಬಿದರೆ 10 ಕೆ.ಜಿ. ಆಯಿತು. ಒಂದು ಕೈಯಲ್ಲಿ ಹಿಡಿದು ಟೆರೇಸ್ ಮೇಲೆ ನೇರ ನಡೆಯಿರಿ, 30 ಮೀಟರ್. ಕೈ ಬದಲಾಯಿಸಿ ವಾಪಸ್ ಬನ್ನಿ. ನೀರು ತುಳುಕಿದರೆ ವಾಲುತ್ತಿದ್ದೀರಿ ಅಂತ ತಿಳಿಯಿರಿ. ತುಂಬಿದ ಗ್ಯಾಸ್ ಸಿಲಿಂಡರ್ 14.2 ಕೆ.ಜಿ. ಅನಿಲ, ಖಾಲಿ ಸಿಲಿಂಡರ್ ತೂಕ ಸೇರಿ 30 ಕೆ.ಜಿ. ಹತ್ತಿರ ಬರುತ್ತದೆ. ಅದನ್ನು ಒಂದೇ ಕೈಯಲ್ಲಿ ಎಳೆದು ಎತ್ತುವುದು ಈ ವ್ಯಾಯಾಮದ ಕೊನೆಯ ತರಗತಿ. ನೀವು ಒಂದನೇ ತರಗತಿ ಓದದೆ ನೇರ ಅಲ್ಲಿಗೆ ಹೋಗಿದ್ದೀರಿ.

ನೋವು ನಾಲ್ಕು ದಿನಕ್ಕೆ ಹೋಯಿತು ಅಂತ ಎಲ್ಲ ಸರಿಯಾಯಿತು ಅಂದುಕೊಳ್ಳುವ ಹಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಜೂಲಿ ಹೈಡ್ಸ್ ಮತ್ತು ಜೊತೆಗಾರರು 1996ರಲ್ಲಿ ತೋರಿಸಿದ ಹಾಗೆ, ಮೊದಲ ಸಲ ಸೊಂಟ ಹಿಡಿದವರಲ್ಲಿ ನೋವಿದ್ದ ಬದಿಯ ಮಲ್ಟಿಫಿಡಸ್ ಸೊರಗುತ್ತದೆ. ನೋವು ಹೋದರೂ ಅದು ತಾನಾಗಿ ಪೂರ್ತಿ ಮರಳುವುದಿಲ್ಲ. ಅದಕ್ಕಾಗಿಯೇ ವ್ಯಾಯಾಮ ಮಾಡಿದವರಲ್ಲಿ ಚೆನ್ನಾಗಿ ಮರಳಿತು. ಬರ್ಡ್-ಡಾಗ್ ತಪ್ಪಿಸಬೇಡಿ ಅನ್ನುವುದು ಇದಕ್ಕೇ. ಕುರ್ಚಿಯಿಂದ ಅರ್ಧ ಗಂಟೆಗೊಮ್ಮೆ ಎದ್ದು ಎರಡು ಹೆಜ್ಜೆ ಹಾಕಿ. ಯಾವ ವ್ಯಾಯಾಮವೂ ಎಂಟು ಗಂಟೆಯ ಕೂರುವಿಕೆಯನ್ನು ಪೂರ್ತಿ ಸರಿದೂಗಿಸುವುದಿಲ್ಲ.

ಕಾಲಿಗೆ ನೋವು ಇಳಿಯುವುದು, ಪಾದ ಜೋಮು ಹಿಡಿಯುವುದು ಅಥವಾ ಸೋಲುವುದು, ರಾತ್ರಿ ನೋವಿನಿಂದ ಎಚ್ಚರವಾಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಇದ್ಯಾವುದೂ ಬೇಡ, ಮೊದಲು ಮೂಳೆ ವೈದ್ಯರನ್ನು ನೋಡಿ. ಮೂತ್ರ ಹಿಡಿತ ತಪ್ಪಿದರೆ, ತೊಡೆಯ ಸಂದಿ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆರು ವಾರ ಮುಗಿದ ಮೇಲೆ ನಾಲ್ಕೂ ಪರೀಕ್ಷೆ ಮತ್ತೆ ಮಾಡಿ. ಮೊದಲ ಸಲ ಸಂಜೆ ಅಳೆದಿದ್ದರೆ ಈಗಲೂ ಸಂಜೆಯೇ ಅಳೆಯಿರಿ, ಶಟಲ್ ಆಡಿದ ದಿನ ಬೇಡ. ಬೆನ್ನಿನ ಸಮಯ ಹೊಟ್ಟೆಯ ಸಮಯವನ್ನು ಮುಟ್ಟಿದ್ದರೆ, ಎಡ ಬಲ ಅಂತರ ನೂರಕ್ಕೆ 10ರ ಒಳಗೆ ಬಂದಿದ್ದರೆ, ಪ್ಲ್ಯಾಂಕನ್ನು ವಾರಕ್ಕೆ ಎರಡು ದಿನ ವಾಪಸ್ ಸೇರಿಸಿಕೊಳ್ಳಬಹುದು. ಒಂದು ನಿಮಿಷ ಸಾಕು.